ಮಾತ್ರೆ ಬಿಡಬೇಡಿ, ಲೆಕ್ಕ ಕೇಳಿ

(ಕೃಷ್ಣರಾಜಪೇಟೆ ತಾಲ್ಲೂಕು ಸಿಂಧಘಟ್ಟದಲ್ಲಿ ಸೇರಿದ್ದ ಸಭೆಯಲ್ಲಿ ನಮ್ಮೆಲ್ಲರ ಪರವಾಗಿ ಆಡಿದ ಮಾತುಗಳ ಬರಹ ರೂಪ. ಸಭೆಗೆ ಬಾರದವರಿಗೆ, ಓದು ಬಾರದವರಿಗೆ, ಓದಿ ಹೇಳಿ.)



ಇವತ್ತು ನಾವು ಭೂಮಿ ವಿಚಾರ ಮಾತಾಡೋಕೆ ಬಂದಿಲ್ಲ. ಕೂಲಿ ವಿಚಾರವೂ ಅಲ್ಲ. ಒಂದು ಮಾತ್ರೆಯ ವಿಚಾರ ಮಾತಾಡೋಕೆ ಬಂದಿದ್ದೀವಿ. ಎಚ್.ಐ.ವಿ. ಇರುವವರು ದಿನಕ್ಕೊಂದು ನುಂಗುವ ಮಾತ್ರೆ. ಆ ಹೆಸರು ಹೇಳಿದ ಕೂಡಲೇ ಹಿಂದೆ ಕೂತಿರುವ ಕೆಲವರು ತಲೆ ತಗ್ಗಿಸಿದ್ದು ನಮಗೆ ಕಾಣಿಸಿತು. ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ. ಇದು ಒಂದು ಕಾಯಿಲೆ. ಸಕ್ಕರೆ ಕಾಯಿಲೆಗೆ ದಿನಾ ಮಾತ್ರೆ ನುಂಗುವ ಹಾಗೆ ಇದಕ್ಕೂ ದಿನಾ ಮಾತ್ರೆ ನುಂಗಬೇಕು. ನುಂಗಿದವರು ದುಡಿಯುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ಮುದುಕರಾಗುವವರೆಗೆ ಬದುಕುತ್ತಾರೆ. ಬಿಟ್ಟವರನ್ನು ನಾವು ಮಣ್ಣು ಮಾಡಿ ಬಂದಿದ್ದೀವಿ.

ಈ ಸಭೆ ಯಾಕೆ ಕರೆದೆವು ಅಂತ ಮೊದಲು ಹೇಳ್ತೀವಿ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ಹೆರಿಗೆ ಮಾಡಿಸಿಕೊಂಡ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಐದು ಜನ. ಅವರಿಗೆ ಹಾಕಿದ ಗ್ಲೂಕೋಸಿನಂಥ ದ್ರಾವಣ, ರಿಂಗರ್ಸ್ ಲ್ಯಾಕ್ಟೇಟ್ ಅಂತಾರೆ, ಅದರ ಮೇಲೆ ಅನುಮಾನ ಬಿತ್ತು. ಪೇಪರಿನಲ್ಲಿ ಬಂತು, ಟೀವಿಯಲ್ಲಿ ಬಂತು. ವಿಧಾನಸಭೆಯಲ್ಲಿ ಗಲಾಟೆ ಆಯಿತು. ಆಮೇಲೆ ಆ ಸುದ್ದಿ ನಮ್ಮ ಕೇರಿಗಳಿಗೆ ಬಂದಾಗ ಬೇರೆ ರೂಪ ತಾಳಿತ್ತು. "ಗೌರ್ಮೆಂಟ್ ಔಸ್ದಿ ಎಲ್ಲಾ ಡೂಪ್ಲಿಕೇಟು ಕಣಣ್ಣ" ಅಂತ.

ನಮಗೆ ಗೊತ್ತಿರುವ ಒಬ್ಬ ಅವ್ವ ಇದ್ದಾರೆ. ಹೆಸರು ಹೇಳೋಲ್ಲ, ಊರೂ ಹೇಳೋಲ್ಲ. ವರ್ಷಾನುಗಟ್ಟಲೆ ತಪ್ಪದೆ ಮಾತ್ರೆ ನುಂಗಿದವರು. ಕಬ್ಬಿನ ಗದ್ದೆಯಲ್ಲಿ ಗಂಡಾಳಿನ ಸಮಕ್ಕೆ ದುಡಿದವರು. ಬಳ್ಳಾರಿ ಸುದ್ದಿ ಕೇಳಿದ ಮೇಲೆ ಯಾರೋ ಅವರಿಗೆ "ಪುಗಸಟ್ಟೆ ಕೊಡೋ ಮಾತ್ರೇಲಿ ಸುಣ್ಣದ ಪುಡಿ ತುಂಬಿರ್ತಾರೆ, ಬುಟ್ಬುಡವ್ವ" ಅಂದರು. ಅವರು ಬಿಟ್ಟುಬಿಟ್ಟರು. ಮೂರು ತಿಂಗಳು. ನಾಲ್ಕನೆಯ ತಿಂಗಳು ಜ್ವರ, ಕೆಮ್ಮು, ಅನ್ನ ಸೇರದು. ನಾವು ಹೋಗಿ ನೋಡಿದಾಗ ಆ ಅವ್ವ ಒಂದೇ ಮಾತು ಕೇಳಿದರು. "ಆ ಮಾತ್ರೆ ನಿಜವಾದ್ದೋ ಸುಳ್ಳೋ, ನೀವು ಓದಿದೋರು, ಹೇಳ್ರಪ್ಪ."

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳ್ತಿದ್ದೀವಿ. "ನುಂಗಿ, ಏನೂ ಆಗೋಲ್ಲ" ಅಂತ ಹೇಳಿ ಬರುವುದು ಸುಲಭ ಇತ್ತು. ಹಾಗೆ ಹೇಳುವುದಕ್ಕೆ ನಮಗೆ ಏನು ಆಧಾರ ಇತ್ತು? ಅದನ್ನು ಹುಡುಕಿಕೊಂಡು ಹೋದೆವು. ಸಿಕ್ಕಿದ್ದನ್ನು ಇವತ್ತು ನಿಮ್ಮ ಮುಂದೆ ಇಡ್ತೀವಿ. ಕಡೆಯವರೆಗೂ ಕೇಳಿ. ಅರ್ಧ ಕೇಳಿ ಎದ್ದು ಹೋದರೆ ಅರ್ಧ ಸುಳ್ಳೇ ನಿಮ್ಮ ಕೈಗೆ ಸಿಗುತ್ತದೆ.

ಮೊದಲನೆ ಸುಳ್ಳು: ಅಗ್ಗದ್ದೆಲ್ಲ ಕೆಟ್ಟದ್ದು

2000ನೇ ಇಸವಿಯ ಹೊತ್ತಿಗೆ ಈ ಕಾಯಿಲೆಗೆ ಮದ್ದು ಇತ್ತು. ಇದ್ದದ್ದು ಅಮೆರಿಕ, ಯೂರೋಪಿನವರಿಗೆ. ಒಬ್ಬರಿಗೆ ಒಂದು ವರ್ಷಕ್ಕೆ 10 ಸಾವಿರ ಡಾಲರಿಗೂ ಮೇಲೆ. ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿ ದಾಟುತ್ತಿತ್ತು. ಆಫ್ರಿಕದಲ್ಲಿ ಊರಿಗೆ ಊರೇ ಖಾಲಿಯಾಗುತ್ತಿತ್ತು. ಮದ್ದು ಒಂದು ಕಡೆ, ರೋಗಿ ಇನ್ನೊಂದು ಕಡೆ. ನಡುವೆ ಪೇಟೆಂಟ್ ಅನ್ನುವ ಬೇಲಿ.

ಆ ಬೇಲಿ ನಮ್ಮ ದೇಶದಲ್ಲಿ ಇರಲಿಲ್ಲ. 1970ರ ಪೇಟೆಂಟ್ ಕಾಯಿದೆ ಔಷಧಿಯ ಮೇಲೆ ಯಾರಿಗೂ ಪೂರ್ತಿ ಒಡೆತನ ಕೊಡಲಿಲ್ಲ. ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್, ವಸ್ತುವಿಗೆ ಇಲ್ಲ. ಬೇರೆ ವಿಧಾನದಲ್ಲಿ ಅದೇ ಔಷಧಿ ಮಾಡಿದರೆ ತಪ್ಪಿಲ್ಲ. 2005ರಲ್ಲಿ ಆ ಕಾಯಿದೆ ತಿದ್ದಿ ಬೇಲಿಯನ್ನು ಮತ್ತೆ ಹಾಕಿದರು, ಅದು ಬೇರೆ ಕಥೆ. ಆದರೆ ಮಧ್ಯೆ ಸಿಕ್ಕಿದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನಮ್ಮ ಕಾರ್ಖಾನೆಗಳು ಕೆಲಸ ಕಲಿತವು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಮದ್ದು ಸೇರಿದ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡ್ತೀವಿ ಅಂದರು. ಹದಿನಾರು ಸಾವಿರ ರೂಪಾಯಿ ಆಸುಪಾಸು. ಗಡಿಯಿಲ್ಲದ ವೈದ್ಯರು ಅನ್ನುವ ಸಂಸ್ಥೆಗೆ ಆ ಬೆಲೆ. ಲೋಕವೇ ಬೆಚ್ಚಿತು. ಆ ವರ್ಷದ ಏಪ್ರಿಲಿನಲ್ಲಿ ದಕ್ಷಿಣ ಆಫ್ರಿಕ ಸರ್ಕಾರದ ಮೇಲೆ ಕೇಸು ಹಾಕಿದ್ದ 39 ಕಂಪನಿಗಳು ಮುಖ ಕೆಡಿಸಿಕೊಂಡು ಕೇಸು ವಾಪಸ್ ತೆಗೆದುಕೊಂಡವು.

ಇಲ್ಲಿಂದ ಅಪಪ್ರಚಾರ ಶುರುವಾಯಿತು. ಇಂಡಿಯಾದವರ ಮಾತ್ರೆ ಅಗ್ಗ, ಆದ್ದರಿಂದ ಕಳಪೆ. ಇಂಥ ಮಾತು ನಾವು ಎಲ್ಲೋ ಕೇಳಿದ್ದೀವಲ್ಲ? ನಮ್ಮ ಕೈಯಿಂದ ಆದ ಕೆಲಸ ಎಲ್ಲರಿಗೂ ಬೇಕು, ಆದರೆ ನಮ್ಮ ಕೈ ಮುಟ್ಟಿದ್ದು ಕೀಳು. ಅದೇ ಮಾತು, ಕೋಟು ಹಾಕಿಕೊಂಡು ಬಂದಿತ್ತು.

ಇದಕ್ಕೆ ಉತ್ತರ ಕೊಡಲು ಒಂದೇ ದಾರಿ. ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಒಂದು ಪಟ್ಟಿ ಮಾಡುವ ಕೆಲಸ ಶುರು ಮಾಡಿತು. ಯಾವ ದೇಶದ ಕಂಪನಿಯೇ ಆಗಲಿ, ಕಾಗದ ಪತ್ರ ಕೊಡಬೇಕು. ಕಾರ್ಖಾನೆ ಬಾಗಿಲು ತೆಗೆದು ತೋರಿಸಬೇಕು. ಮಾತ್ರೆ ಪರೀಕ್ಷೆಗೆ ಕೊಡಬೇಕು. ಪಾಸಾದರೆ ಪಟ್ಟಿಯಲ್ಲಿ ಹೆಸರು. ಬಡ ದೇಶಗಳು ಆ ಪಟ್ಟಿ ನೋಡಿ ಕೊಳ್ಳಬಹುದು. ನಮ್ಮ ಕಂಪನಿಗಳ ಮಾತ್ರೆಗಳು ಆ ಪಟ್ಟಿ ಸೇರಿದವು. ಬೆಂಗಳೂರಿನ ಕಂಪನಿಯ ಮಾತ್ರೆಯೂ ಸೇರಿತು. ಆಫ್ರಿಕದಲ್ಲಿ ಇವತ್ತು ಬದುಕಿರುವ ಲಕ್ಷಾಂತರ ಜನ ನಮ್ಮ ದೇಶದ ಕಾರ್ಮಿಕರ ಕೈಯಲ್ಲಿ ತಯಾರಾದ ಮಾತ್ರೆಯಿಂದ ಬದುಕಿದ್ದಾರೆ.

ದುಬಾರಿ ಮಾತ್ರೆ ಯಾವಾಗಲೂ ಶುದ್ಧವೋ? ಅದನ್ನೂ ನೋಡಿ. 2007ರ ಜೂನಿನಲ್ಲಿ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿ ತನ್ನ ವೈರಾಸೆಪ್ಟ್ ಅನ್ನುವ ಎಚ್.ಐ.ವಿ. ಮಾತ್ರೆಯನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಳ್ಳಬೇಕಾಯಿತು. ತಯಾರಿಕೆಯಲ್ಲಿ ವಿಷದ ರಾಸಾಯನಿಕ ಬೆರೆತಿತ್ತು. ಅಸಲಿ ಕಂಪನಿ, ಅಸಲಿ ಬೆಲೆ, ಆದರೂ ಕಲ್ಮಷ. ಬೆಲೆ ಚೀಟಿ ನೋಡಿ ಗುಣ ಹೇಳುವುದು ಜಾತಿ ನೋಡಿ ಮನುಷ್ಯನ ಗುಣ ಹೇಳಿದ ಹಾಗೆ. ಎರಡೂ ಸುಳ್ಳು.

ನಮ್ಮವರ ತಪ್ಪನ್ನೂ ಮುಚ್ಚಿಡೋಲ್ಲ

ಹಾಗಂತ ನಮ್ಮ ದೇಶದ ಕಂಪನಿಗಳೆಲ್ಲ ಸತ್ಯಹರಿಶ್ಚಂದ್ರರು ಅಂತ ಹೇಳೋಕೆ ಬಂದಿಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪಟ್ಟಿಯಿಂದ ಸಿಪ್ಲಾದ ಎರಡು, ರ್‍ಯಾನ್‌ಬಾಕ್ಸಿಯ ಮೂರು ಎಚ್.ಐ.ವಿ. ಔಷಧಿಗಳನ್ನು ತೆಗೆದುಹಾಕಿತು. ಕಾರಣ ಏನು? ಹೊಸ ಮಾತ್ರೆ ಅಸಲಿ ಮಾತ್ರೆಯಷ್ಟೇ ರಕ್ತಕ್ಕೆ ಸೇರುತ್ತದೆ ಅಂತ ತೋರಿಸಬೇಕು. ಆ ಪರೀಕ್ಷೆಯನ್ನು ಕಂಪನಿಗಳು ಹೊರಗಿನ ಪ್ರಯೋಗಾಲಯಗಳಿಗೆ ಗುತ್ತಿಗೆ ಕೊಟ್ಟಿದ್ದವು. ತನಿಖೆಯವರು ಹೋಗಿ ನೋಡಿದರೆ ಅಲ್ಲಿ ದಾಖಲೆ ಸರಿಯಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ರ್‍ಯಾನ್‌ಬಾಕ್ಸಿ ತನ್ನ ಎಲ್ಲಾ ಎಚ್.ಐ.ವಿ. ಮಾತ್ರೆಗಳನ್ನು ತಾನೇ ಪಟ್ಟಿಯಿಂದ ವಾಪಸ್ ತೆಗೆದುಕೊಂಡಿತು. ಸಿಪ್ಲಾ ಮತ್ತೆ ಪರೀಕ್ಷೆ ಮಾಡಿಸಿ ಅದೇ ತಿಂಗಳ ಕೊನೆಗೆ ತನ್ನ ಮಾತ್ರೆಗಳನ್ನು ಪಟ್ಟಿಗೆ ಸೇರಿಸಿತು.

ಇಲ್ಲಿ ಒಂದು ಮಾತು ಗಮನಿಸಿ. ಮಾತ್ರೆ ವಿಷ ಅಂತ ಯಾರೂ ಹೇಳಲಿಲ್ಲ. ಪರೀಕ್ಷೆ ನಂಬುವ ಹಾಗಿಲ್ಲ ಅಂದರು. ಮತ್ತೆ ರೋಗಿಗಳಿಗೆ ಏನು ಹೇಳಿದರು? ಬೇರೆ ಮಾತ್ರೆ ಕೈಗೆ ಸಿಗುವವರೆಗೆ ಇರುವುದನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ಅಪಾಯ ಹೆಚ್ಚು ಅಂದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರ್‍ಯಾನ್‌ಬಾಕ್ಸಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಳಗೆ ಕೆಲಸ ಮಾಡುತ್ತಿದ್ದ ದಿನೇಶ್ ಠಾಕೂರ್ ಅನ್ನುವವರು ಕಂಪನಿಯ ಸುಳ್ಳು ಲೆಕ್ಕಗಳನ್ನು ಬಯಲಿಗೆ ತಂದರು. 2013ರ ಮೇ ತಿಂಗಳಲ್ಲಿ ಅಮೆರಿಕದ ಕೋರ್ಟಿನಲ್ಲಿ ಆ ಕಂಪನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು. ಕಟ್ಟಿದ್ದು ಅಮೆರಿಕಕ್ಕೆ. ಯಾಕೆ ಅಂದರೆ ಕೇಳಿದ್ದು ಅಮೆರಿಕ. ಕೇಳಿದವರಿಗೆ ಲೆಕ್ಕ ಸಿಗುತ್ತದೆ. ಕೇಳದವರಿಗೆ ಮಾತ್ರೆ ಮಾತ್ರ ಸಿಗುತ್ತದೆ. ಈ ಭಾಷಣದ ತಿರುಳೇ ಇದು.

ಪರೀಕ್ಷೆ ಅಂದರೆ ಏನು?

ಪರೀಕ್ಷೆ, ಪರೀಕ್ಷೆ ಅಂತ ಹೇಳ್ತಿದ್ದೀವಿ. ಏನದು? ಮಂತ್ರ ಅಲ್ಲ, ನಮಗೆ ಅರ್ಥ ಆಗದ್ದೂ ಅಲ್ಲ.

ಬಿತ್ತನೆ ರಾಗಿ ತರುತ್ತೀರಿ. ಮೊದಲು ಅದು ರಾಗಿಯೇ ಹೌದೋ ಅಂತ ನೋಡುತ್ತೀರಿ. ಮಾತ್ರೆಗೂ ಅದೇ ಮೊದಲ ಪರೀಕ್ಷೆ, ಗುರುತು. ಬಾಟ್ಲಿ ಮೇಲೆ ಬರೆದ ಮದ್ದೇ ಒಳಗಿದೆಯೋ.

ಎರಡನೆಯದು ತೂಕ, ಅಳತೆ. ಈಗ ನಮ್ಮ ಜನಕ್ಕೆ ಹೆಚ್ಚಾಗಿ ಕೊಡುವ ಮಾತ್ರೆಯಲ್ಲಿ ಮೂರು ಮದ್ದು ಸೇರಿದೆ. ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಬರೆದಷ್ಟು ಇರಬೇಕು. ಸಾಮಾನ್ಯವಾಗಿ ನೂರಕ್ಕೆ 90ರಿಂದ 110ರ ಒಳಗೆ ಇದ್ದರೆ ಸರಿ ಅಂತಾರೆ. ಕಡಿಮೆ ಇದ್ದರೆ ಏನಾಗುತ್ತದೆ? ವೈರಸ್ ಸಾಯೋಲ್ಲ, ಪಳಗುತ್ತದೆ. ಅರೆಬರೆ ಔಷಧಿ ಹೊಡೆದ ಹೊಲದಲ್ಲಿ ಹುಳು ಪಳಗಿದ ಹಾಗೆ. ಆಮೇಲೆ ಆ ಮದ್ದು ಪೂರ್ತಿ ಕೊಟ್ಟರೂ ಹಿಡಿಯೋಲ್ಲ. ಪಳಗಿದ ವೈರಸ್ ಇನ್ನೊಬ್ಬರಿಗೆ ಹೋದರೆ ಅವರಿಗೂ ಆ ಮದ್ದು ಹಿಡಿಯೋಲ್ಲ. ಕಳಪೆ ಮಾತ್ರೆ ಒಬ್ಬರ ಪಾಡಲ್ಲ, ಊರಿನ ಪಾಡು.

ಮೂರನೆಯದು ಕರಗುವುದು. ಬೀಜ ತೂಕಕ್ಕೆ ಸರಿ ಇರಬಹುದು, ಮೊಳಕೆ ಬರದಿದ್ದರೆ? ಮಾತ್ರೆಯೂ ಹಾಗೆ. ಒಳಗೆ ಮದ್ದು ಪೂರ್ತಿ ಇದ್ದರೂ ಹೊಟ್ಟೆಯಲ್ಲಿ ಕರಗದೆ ಕಲ್ಲಿನ ಹಾಗೆ ಹೊರಗೆ ಹೋದರೆ ಪ್ರಯೋಜನ ಇಲ್ಲ. ಅದಕ್ಕೆ ಮೈಯ ಬಿಸಿಯಷ್ಟೇ ಬಿಸಿ, 37 ಡಿಗ್ರಿ, ಇರುವ ದ್ರಾವಣದಲ್ಲಿ ಮಾತ್ರೆ ಹಾಕಿ ತಿರುಗಿಸಿ ಎಷ್ಟು ಹೊತ್ತಿಗೆ ಎಷ್ಟು ಕರಗಿತು ಅಂತ ಅಳೆಯುತ್ತಾರೆ.

ನಾಲ್ಕನೆಯದು ಕಲ್ಮಷ. ತಯಾರಿಸುವಾಗ ಉಳಿದ ರಾಸಾಯನಿಕ, ಹಳೆಯದಾಗಿ ಕೆಟ್ಟ ಅಂಶ. ರೋಶ್ ಕಂಪನಿ ಸಿಕ್ಕಿಬಿದ್ದದ್ದು ಇದರಲ್ಲೇ.

ಐದನೆಯದು ಬಾಳಿಕೆ. 40 ಡಿಗ್ರಿ ಬಿಸಿ, ನೂರಕ್ಕೆ 75 ತೇವ ಇರುವ ಪೆಟ್ಟಿಗೆಯಲ್ಲಿ ಆರು ತಿಂಗಳು ಇಟ್ಟು ನೋಡುತ್ತಾರೆ. ತಣ್ಣನೆ ದೇಶದಲ್ಲಿ ಕೆಡದ ಮಾತ್ರೆ ನಮ್ಮ ಶೀಟಿನ ಮನೆಯಲ್ಲಿ, ಮುಂಗಾರಿನ ತೇವದಲ್ಲಿ ಕೆಡಬಹುದು.

ಆರನೆಯದು ರಕ್ತದ ಪರೀಕ್ಷೆ. ಆರೋಗ್ಯವಂತರಾದ ಕೆಲವರಿಗೆ ಅವರ ಒಪ್ಪಿಗೆ ಪಡೆದು ಒಮ್ಮೆ ಅಸಲಿ ಮಾತ್ರೆ, ಒಮ್ಮೆ ಹೊಸ ಮಾತ್ರೆ ಕೊಟ್ಟು, ಗಂಟೆಗಂಟೆಗೂ ರಕ್ತ ತೆಗೆದು ಹೋಲಿಸುತ್ತಾರೆ. 2004ರಲ್ಲಿ ಮೋಸ ಸಿಕ್ಕಿದ್ದು ಇದರಲ್ಲಿ.

ಇಷ್ಟೇ. ಇದರಲ್ಲಿ ನಮ್ಮ ಬುದ್ಧಿಗೆ ಮೀರಿದ್ದು ಯಾವುದಿದೆ? "ನಿಮಗೆ ಅದೆಲ್ಲ ತಿಳಿಯೋಲ್ಲ" ಅನ್ನುವ ಮಾತಿಗೆ ನಾವು ಬಹಳ ಕಾಲ ತಲೆ ಆಡಿಸಿದ್ದೀವಿ. ಇನ್ನು ಸಾಕು.

ಎರಡನೆ ಸುಳ್ಳು: ಪುಗಸಟ್ಟೆ ಕೊಟ್ಟದ್ದನ್ನು ಕೇಳಬಾರದು

ನಮ್ಮ ಹಿರಿಯರು ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಕಾಫಿ ಕುಡಿದವರು. ಒಳಗೆ ಕೂತವರಿಗೆ ಒಂದು ಲೋಟ, ನಮಗೆ ಒಂದು. ಔಷಧಿಯಲ್ಲೂ ಎರಡು ಲೋಟ ಇದೆಯೋ? ನಾವು ಲೆಕ್ಕ ಹುಡುಕಿದೆವು.

ಕೇಂದ್ರ ಸರ್ಕಾರವೇ 2014ರಿಂದ 2016ರವರೆಗೆ ದೇಶದಾದ್ಯಂತ ಔಷಧ ಸಮೀಕ್ಷೆ ಮಾಡಿಸಿತು. 47 ಸಾವಿರದಷ್ಟು ಮಾದರಿಗಳು. ಅಂಗಡಿಗಳಿಂದ ತಂದದ್ದರಲ್ಲಿ ನೂರಕ್ಕೆ 3.16 ಗುಣಮಟ್ಟ ಇಲ್ಲದ್ದು. ಸರ್ಕಾರಿ ಮೂಲಗಳಿಂದ ತಂದದ್ದರಲ್ಲಿ ನೂರಕ್ಕೆ 10.02. ಇದು ಎಚ್.ಐ.ವಿ. ಮಾತ್ರೆಯೊಂದರ ಲೆಕ್ಕ ಅಲ್ಲ, ಎಲ್ಲಾ ಬಗೆಯ ಔಷಧಿಗಳ ಲೆಕ್ಕ. ಆದರೂ ಕೇಳಿ. ದುಡ್ಡು ಕೊಟ್ಟು ಕೊಳ್ಳುವವನಿಗೆ ನೂರರಲ್ಲಿ ಮೂರು ಕೆಟ್ಟದ್ದು. ಸರ್ಕಾರದ ಔಷಧಿ ನಂಬಿದವನಿಗೆ ನೂರರಲ್ಲಿ ಹತ್ತು. ಎರಡು ಲೋಟ ಇನ್ನೂ ಇದೆ, ಬಂಧುಗಳೆ. ಬಚ್ಚಿಟ್ಟಿದ್ದಾರೆ ಅಷ್ಟೆ.

ಬಳ್ಳಾರಿಯಲ್ಲಿ ಏನಾಯಿತು? ಪಶ್ಚಿಮ ಬಂಗಾಳದ ಕಂಪನಿಯೊಂದು ಆ ದ್ರಾವಣ ಕೊಟ್ಟಿತ್ತು. ಸಾವುಗಳಿಗೆ ಮುಂಚೆಯೇ ಅದರ ಕೆಲವು ಬ್ಯಾಚುಗಳನ್ನು ನಮ್ಮ ರಾಜ್ಯದ ಪ್ರಯೋಗಾಲಯ ಸರಿಯಿಲ್ಲ ಅಂದಿತ್ತು. ಕಂಪನಿ ಒಪ್ಪಲಿಲ್ಲ. ಕೇಂದ್ರದ ಪ್ರಯೋಗಾಲಯಕ್ಕೆ ಹೋದಾಗ ಕೆಲವು ಸರಿ ಇವೆ ಅಂತ ಬಂತು. ಕೇಂದ್ರದ ವರದಿಯೇ ಕಡೆಯ ಮಾತು ಅನ್ನುತ್ತದೆ ಕಾನೂನು. ಇಬ್ಬರು ಪರೀಕ್ಷಕರ ಜಗಳದ ನಡುವೆ ಬಾಟ್ಲಿ ಬಾಣಂತಿಯರ ಮಂಚದ ಹತ್ತಿರಕ್ಕೆ ಹೋಯಿತು. ಸತ್ತ ಮೇಲೆ ಅಧಿಕಾರಿಯನ್ನು ಅಮಾನತು ಮಾಡಿದರು. ಸತ್ತವರು ಯಾರು? ದುಡ್ಡಿದ್ದವರು ಯಾರೂ ಅಲ್ಲ. 2025ರ ಜನವರಿಯಲ್ಲಿ ಬಂಗಾಳದ ಮಿಡ್ನಾಪುರದ ಸರ್ಕಾರಿ ಆಸ್ಪತ್ರೆಯಲ್ಲೂ ಒಬ್ಬ ಬಾಣಂತಿ ತೀರಿಕೊಂಡಳು. ಅಲ್ಲೂ ಅದೇ ಕಂಪನಿಯ ದ್ರಾವಣದ ಮೇಲೆ ಅನುಮಾನ.

ಪಕ್ಕದ ತಮಿಳುನಾಡು ನೋಡಿ. 1994ರಲ್ಲೇ ಔಷಧಿ ಕೊಳ್ಳಲು ಒಂದು ನಿಗಮ ಮಾಡಿಕೊಂಡರು. ಬಂದ ಔಷಧಿಯ ಮಾದರಿಯನ್ನು ಕಂಪನಿಯ ಹೆಸರು ಮರೆಸಿ, ಒಂದು ಗುರುತಿನ ನಂಬರು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಯಾರ ಮಾಲು ಅಂತ ಪರೀಕ್ಷೆ ಮಾಡುವವನಿಗೇ ಗೊತ್ತಿಲ್ಲದಿದ್ದರೆ ಲಂಚ ಯಾರು ಯಾರಿಗೆ ಕೊಡಬೇಕು? ಜಾತಿ ಕೇಳದೆ ಮಾರ್ಕು ಹಾಕಿದ ಹಾಗೆ.

ಇನ್ನು ಕಾನೂನು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ 26ನೇ ಕಲಂ ಬಹಳ ಒಳ್ಳೆಯದು. ಯಾರು ಬೇಕಾದರೂ ತಾನು ಕೊಂಡ ಔಷಧಿಯನ್ನು 14-ಎ ನಮೂನೆಯಲ್ಲಿ ಅರ್ಜಿ ಬರೆದು, ಶುಲ್ಕ ಕಟ್ಟಿ, ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ರುಜು ಮಾಡಿದ ವರದಿ ಅವನ ಕೈಗೆ ಬರಬೇಕು. ಓದಿ ನಮಗೆ ಸಂತೋಷ ಆಯಿತು. ಮತ್ತೆ ಒಂದು ಸಾರಿ ಓದಿದೆವು. ತಾನು ಕೊಂಡ ಔಷಧಿ. ಕೊಂಡ! ನಮ್ಮ ಅವ್ವ ಮಾತ್ರೆ ಕೊಂಡಿಲ್ಲವಲ್ಲ. ಸರ್ಕಾರ ಕೊಟ್ಟದ್ದು. ಕೊಂಡವನಿಗೆ ನೇರವಾದ ಹಕ್ಕು, ಪಡೆದವಳಿಗೆ ಅದು ಬರೆದಿಲ್ಲ. ಎರಡು ಲೋಟ ಕಾನೂನಿನ ಒಂದು ಪದದಲ್ಲಿ ಅಡಗಿ ಕೂತಿದೆ. ಆ ಪದ ತಿದ್ದಬೇಕು ಅನ್ನುವುದು ನಮ್ಮ ಮೊದಲ ಬೇಡಿಕೆ. ಕೊಂಡ ಅಥವಾ ಪಡೆದ ಅಂತ ಇರಲಿ.

ನಾವು ಒಂದು ಆಸ್ಪತ್ರೆಯ ಕಿಟಕಿಯಲ್ಲಿ ನಿಂತು ಈ ಬ್ಯಾಚಿನ ಪರೀಕ್ಷಾ ವರದಿ ಇದೆಯಾ ಅಂತ ಕೇಳಿದೆವು. ಒಳಗಿದ್ದವರು ನಕ್ಕರು. "ಪುಗಸಟ್ಟೆ ಕೊಡೋದಕ್ಕೆ ವರದಿ ಬೇರೆ ಕೇಡು" ಅಂದರು. ಆ ಮನುಷ್ಯ ಕೆಟ್ಟವನಲ್ಲ. ತಿಂಗಳಾನುಗಟ್ಟಲೆ ಅದೇ ಕಿಟಕಿಯಲ್ಲಿ ದುಡಿದು ಸಾಕಾದವನು. ಆದರೆ ಅವನ ಬಾಯಲ್ಲಿ ಬಂದ ಮಾತು ಅವನದಲ್ಲ, ಸಾವಿರ ವರ್ಷದ್ದು. ಪುಗಸಟ್ಟೆ ಅನ್ನುವುದೇ ಸುಳ್ಳು. ನಾವು ಕೊಳ್ಳುವ ಸೋಪಿಗೆ, ಬೆಂಕಿಪೊಟ್ಟಣಕ್ಕೆ ತೆರಿಗೆ ಕಟ್ಟುತ್ತೀವಿ. ಆ ದುಡ್ಡಿನಲ್ಲೇ ಮಾತ್ರೆ ಬರುವುದು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದದ್ದು ಭಿಕ್ಷೆಯ ನೀರಿಗಲ್ಲ, ಎಲ್ಲರೂ ಕುಡಿಯುವ ಅದೇ ನೀರಿಗೆ.

ಹಾಗಾದರೆ ಆ ಮಾತ್ರೆ ನಿಜವೋ ಸುಳ್ಳೋ?

ಈಗ ಅವ್ವನ ಪ್ರಶ್ನೆಗೆ ಬರ್ತೀವಿ.

2004ರ ಏಪ್ರಿಲ್ 1ರಂದು ದೇಶದ 8 ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮದ್ದನ್ನು ಉಚಿತವಾಗಿ ಕೊಡಲು ಶುರು ಮಾಡಿದರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಅದರಲ್ಲಿ ಒಂದು. ಆಗ ನಮ್ಮ ಸೀಮೆಯಿಂದ ಹೋಗುವವರು ಮೂರು ಬಸ್ಸು ಹತ್ತಿ ಇಳಿದು ಹೋಗಬೇಕಿತ್ತು. ಈಗ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೇ ಎ.ಆರ್.ಟಿ. ಕೇಂದ್ರ ಇದೆ. ಇಷ್ಟು ವರ್ಷ ನುಂಗಿದವರು ಬದುಕಿದ್ದಾರೆ, ನಮ್ಮ ಕಣ್ಣ ಮುಂದೆ ಇದ್ದಾರೆ. ಇದು ಮೊದಲ ಸಾಕ್ಷಿ.

ಎರಡನೆಯ ಸಾಕ್ಷಿ ನಿಮ್ಮ ರಕ್ತದಲ್ಲೇ ಇದೆ. ವೈರಲ್ ಲೋಡ್ ಅನ್ನುವ ಪರೀಕ್ಷೆ ವರ್ಷಕ್ಕೊಮ್ಮೆ ಉಚಿತವಾಗಿ ಮಾಡಬೇಕು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಅದು ಎಣಿಸುತ್ತದೆ. ದೇಶದಲ್ಲಿ ಮಾತ್ರೆ ನುಂಗುತ್ತಾ ಈ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೂ ಹೆಚ್ಚು ಮಂದಿಗೆ ವೈರಸ್ ಅಡಗಿದೆ. ಸುಣ್ಣದ ಪುಡಿ ನುಂಗಿದರೆ ವೈರಸ್ ಅಡಗುತ್ತದಾ? ಆಗೋಲ್ಲ. ಆದ್ದರಿಂದ ಅವ್ವನಿಗೆ ನಾವು ಹೇಳಿದ್ದು ಇಷ್ಟು. ಈ ಮದ್ದು ನಿಜ. ಬಿಡಬೇಡಿ. ಆದರೆ ಈ ತಿಂಗಳ, ಈ ಬ್ಯಾಚಿನ ಬಾಟ್ಲಿ ಸರಿ ಇದೆಯೋ ಅಂತ ಕೇಳುವುದು ನಿಮ್ಮ ಹಕ್ಕು. ಅದನ್ನು ನಾವು ಕೇಳ್ತೀವಿ. ನೀವು ನುಂಗಿ, ನಾವು ಕೇಳ್ತೀವಿ.

ಆ ಅವ್ವ ಮತ್ತೆ ಶುರು ಮಾಡಿದ್ದಾರೆ. ಮೊದಲಿನ ಶಕ್ತಿ ಇನ್ನೂ ಬಂದಿಲ್ಲ. ಮೂರು ತಿಂಗಳ ಗಾಳಿಮಾತಿಗೆ ಅವರು ಕಟ್ಟಿದ ದಂಡ ಅದು.

ಮಾಡಬೇಕಾದ್ದು

ಮನೆಯಲ್ಲಿ ಮಾಡಬೇಕಾದ್ದು ಮೊದಲು. ನಾಚಿಕೆಗೆ ನಮ್ಮವರು ಬಾಟ್ಲಿಯ ಚೀಟಿ ಕಿತ್ತು ಹಾಕುತ್ತಾರೆ. ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಎಲೆಅಡಿಕೆ ಚೀಲದಲ್ಲಿ, ಒಲೆ ಮೇಲಿನ ಗೂಡಿನಲ್ಲಿ ಬಚ್ಚಿಡುತ್ತಾರೆ. ಬಿಸಿ, ತೇವ ಎರಡೂ ತಾಗಿ ಒಳ್ಳೆಯ ಮಾತ್ರೆ ಮನೆಯಲ್ಲೇ ಕೆಡುತ್ತದೆ. ಕಾರ್ಖಾನೆ ಕೆಡಿಸದ್ದನ್ನು ಕಳಂಕ ಕೆಡಿಸುತ್ತದೆ. ಬಾಟ್ಲಿಯಲ್ಲೇ ಇಡಿ, ಮುಚ್ಚಳ ಬಿಗಿ ಮಾಡಿ. ಒಳಗಿರುವ ಸಣ್ಣ ಪೊಟ್ಟಣ ತೇವ ಹೀರುವುದಕ್ಕೆ ಇರುವುದು, ಬಿಸಾಡಬೇಡಿ, ತಿನ್ನಲೂ ಬೇಡಿ. ಚೀಟಿ ಕೀಳಲೇಬೇಕಾದರೆ ಮೊದಲು ಬ್ಯಾಚ್ ನಂಬರು, ಕಂಪನಿ ಹೆಸರು, ಮುಗಿಯುವ ತಾರೀಖು ಒಂದು ಪುಸ್ತಕದಲ್ಲಿ ಬರೆದಿಡಿ. ಬ್ಯಾಚ್ ನಂಬರು ಇಲ್ಲದೆ ಯಾವ ತನಿಖೆಯೂ ಮುಂದಕ್ಕೆ ಹೋಗೋಲ್ಲ.

ಬಣ್ಣ ಬದಲಾಗಿದ್ದರೆ, ಬೂಸ್ಟು ಹಿಡಿದಿದ್ದರೆ, ಪುಡಿ ಆಗುತ್ತಿದ್ದರೆ ಬಾಟ್ಲಿ ಸಮೇತ ಕೇಂದ್ರಕ್ಕೆ ಹೋಗಿ ಬದಲಾಯಿಸಿಕೊಳ್ಳಿ. 2011ರಲ್ಲಿ ಕೀನ್ಯಾ ದೇಶದಲ್ಲಿ ಹೀಗೆ ಬೂಸ್ಟು ಹಿಡಿದ, ಪುಡಿಯಾಗುವ ಎಚ್.ಐ.ವಿ. ಮಾತ್ರೆಗಳು ಕಣ್ಣಿಗೆ ಬಿದ್ದೇ ಮೋಸ ಹೊರಗೆ ಬಂತು. ನಮ್ಮ ಕಣ್ಣೂ ಒಂದು ಪ್ರಯೋಗಾಲಯ. ಮೈಗೆ ಹೊಸ ತೊಂದರೆ ಕಂಡರೆ ವೈದ್ಯರಿಗೆ ಹೇಳಿ. 1800-180-3024ಕ್ಕೂ ಫೋನ್ ಮಾಡಿ ಬರೆಸಬಹುದು. ಎಚ್.ಐ.ವಿ. ಬಗ್ಗೆ ಏನೇ ಕೇಳಬೇಕಾದರೂ 1097. ದುಡ್ಡು ಬೀಳೋಲ್ಲ.

ಎರಡನೆಯದು, ಸಂಘದಿಂದ ಮಾಡಬೇಕಾದ್ದು. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ. ಹತ್ತು ರೂಪಾಯಿ. ಬಡತನ ರೇಖೆ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ. ಜೀವದ ಪ್ರಶ್ನೆಯಾದರೆ 48 ಗಂಟೆ. ಕೇಳಬೇಕಾದ್ದು ಐದು: ಯಾವ ಕಂಪನಿ, ಯಾವ ಬ್ಯಾಚು, ಯಾವ ಪ್ರಯೋಗಾಲಯ ಪರೀಕ್ಷೆ ಮಾಡಿತು, ವರದಿಯಲ್ಲಿ ಏನು ಬಂತು, ವರದಿ ಬಂದದ್ದು ಮಾತ್ರೆ ಹಂಚುವ ಮೊದಲೋ ಆಮೇಲೋ. ಕಡೆಯ ಪ್ರಶ್ನೆ ಮರೆಯಬೇಡಿ. ಅರ್ಜಿಗೆ ರುಜು ಹಾಕುವವರು ಕಾಯಿಲೆ ಇರುವವರೇ ಆಗಬೇಕಿಲ್ಲ. ನಮ್ಮಲ್ಲಿ ಯಾರು ಬೇಕಾದರೂ ಹಾಕಬಹುದು. ಯಾರ ಹೆಸರೂ ಹೊರಗೆ ಬರಬಾರದು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯೂ ಅದನ್ನೇ ಹೇಳುತ್ತದೆ, ಒಪ್ಪಿಗೆ ಇಲ್ಲದೆ ಯಾರ ಗುಟ್ಟನ್ನೂ ಬಯಲು ಮಾಡುವ ಹಾಗಿಲ್ಲ. ಅದೇ ಕಾಯಿದೆ ಚಿಕಿತ್ಸೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಕೊಡಬೇಕು ಅಂತ ಬರೆದಿದೆ. ಸಾಧ್ಯವಾದಷ್ಟು! ಜೀವಕ್ಕೆ ಸಾಧ್ಯವಾದಷ್ಟು ಅನ್ನುವ ಅಳತೆ ಇಲ್ಲ. ಅದನ್ನೂ ತಿದ್ದಬೇಕು.

ಮೂರನೆಯದು, ಅನುಮಾನ ಬಂದರೆ ಔಷಧ ನಿಯಂತ್ರಣದ ಇನ್ಸ್‌ಪೆಕ್ಟರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮಾದರಿ ತೆಗೆದು ಸರ್ಕಾರಿ ವಿಶ್ಲೇಷಕರಿಗೆ ಕಳಿಸುವ ಅಧಿಕಾರ ಅವರಿಗೆ ಇದೆ. ಬಾಯಿಮಾತಿನಲ್ಲಿ ಹೇಳಿ ಬಂದರೆ ಗಾಳಿಗೆ ಹೋಯಿತು.

ಇದೆಲ್ಲ ಆಗುತ್ತದಾ ಅಂತ ಕೇಳಬಹುದು. 2022ರಲ್ಲಿ ಮಾತ್ರೆ ಸರಬರಾಜು ಏರುಪೇರಾದಾಗ ಈ ಕಾಯಿಲೆ ಇರುವವರೇ ದೆಹಲಿಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ಮುಂದೆ ತಿಂಗಳಿಗೂ ಹೆಚ್ಚು ಕಾಲ ಕೂತರು. ಅವರಿಗಿಂತ ನಮಗೆ ಏನು ಕಡಿಮೆ ಇದೆ?

ಬಂಧುಗಳೆ, ಒಂದು ಕಾಲದಲ್ಲಿ ನಾಲ್ಕೂವರೆ ಲಕ್ಷಕ್ಕೂ ಸಿಗದ ಮದ್ದು 2023ರ ಹೊತ್ತಿಗೆ ವರ್ಷಕ್ಕೆ 45 ಡಾಲರಿಗಿಂತ ಕೆಳಗೆ ಇಳಿಯಿತು. ಯಾರೂ ಕನಿಕರದಿಂದ ಇಳಿಸಲಿಲ್ಲ. ಹೋರಾಡಿ ಇಳಿಸಿದರು. ಬೆಲೆ ಇಳಿದ ಹಾಗೆ ಗುಣ ಇಳಿಯದಂತೆ ಕಾಯುವುದು ನಮ್ಮ ಪಾಳಿ. ಈ ಸಭೆ ಮುಗಿಯುವ ಮೊದಲು ನಾಲ್ಕು ಜನ ಮುಂದೆ ಬನ್ನಿ. ಇಬ್ಬರು ಹೆಂಗಸರು ಇರಲೇಬೇಕು. ಮೊದಲ ಅರ್ಜಿ ಇಲ್ಲೇ, ಈ ಲಾಟೀನಿನ ಬೆಳಕಿನಲ್ಲೇ ಬರೆಯೋಣ. ಕರೆಂಟು ಬರುವವರೆಗೆ ಕಾಯೋದು ಬೇಡ.

ಮಾತ್ರೆ ಬಿಡಬೇಡಿ. ಲೆಕ್ಕ ಕೇಳುವುದನ್ನೂ ಬಿಡಬೇಡಿ.

ಜೈ ಭೀಮ್.